5 ವ್ಯಾಟ್‌ನಿಂದ 10 ವ್ಯಾಟ್‌ಗೆ: ಫೋಟೋದಲ್ಲಿ ಕಾಣದ ಖರ್ಚು

(1/9)
ಫ್ರೆಂಡ್ಸ್, ಎರಡು ವಾರದಿಂದ ಡಿಎಂ ತುಂಬಾ ಒಂದೇ ಪ್ರಶ್ನೆ. "ಲೇಸರ್ ಹೆಡ್ ಚೇಂಜ್ ಮಾಡಿದ್ಯಂತೆ, ಎಷ್ಟು ವ್ಯಾಟು, ಎಷ್ಟಾಯ್ತು, ನಾವೂ ಮಾಡಬಹುದಾ?" ಒಬ್ಬೊಬ್ಬರಿಗೂ ಬೇರೆ ಬೇರೆ ಟೈಪ್ ಮಾಡೋ ಬದಲು ಇಲ್ಲೇ ಒಂಬತ್ತು ಪೋಸ್ಟ್‌ನಲ್ಲಿ ಎಲ್ಲಾ ಬರೀತಿದೀನಿ. ಬೇಕಾದವರು ಸೇವ್ ಮಾಡ್ಕೊಳ್ಳಿ.

ಹೊಸದಾಗಿ ಬಂದವರಿಗೆ ಚಿಕ್ಕದಾಗಿ ಹೇಳ್ತೀನಿ. ನನ್ನ ಹತ್ರ ಇರೋದು ಟೇಬಲ್ ಮೇಲೆ ಇಡೋ ಲೇಸರ್ ಎನ್‌ಗ್ರೇವರ್. ಅಲ್ಯೂಮಿನಿಯಂ ಚೌಕಟ್ಟು, ಎರಡು ದಿಕ್ಕಿಗೆ ಓಡೋ ಬೆಲ್ಟು, ಒಂದು ಕಂಟ್ರೋಲರ್ ಬೋರ್ಡು, ಮಧ್ಯದಲ್ಲಿ ನೀಲಿ ಬೆಳಕು ಬಿಡೋ ಒಂದು ಡಬ್ಬಿ. ಆ ಡಬ್ಬಿಗೇ ಮಾಡ್ಯೂಲ್ ಅನ್ನೋದು. ಎರಡು ವರ್ಷದ ಹಿಂದೆ ಸೀನಿಯರ್ ಒಬ್ಬರಿಂದ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಕೀ ಚೈನು, ನೇಮ್ ಬೋರ್ಡು, ಮೊಬೈಲ್ ಸ್ಟ್ಯಾಂಡು ಮಾಡಿ ಮಾರ್ತೀನಿ. ನನ್ನ ಬಸ್ ಪಾಸು, ರೆಕಾರ್ಡ್ ಪುಸ್ತಕ, ಪ್ರಿಂಟೌಟ್ ಖರ್ಚು ಅದರಿಂದಲೇ ನಡೀತಿದೆ.

ಲೆಕ್ಕ ಮೊದಲೇ ಹೇಳಿಬಿಡ್ತೀನಿ. ಕೂಡಿಟ್ಟಿದ್ದು 24,000 ರೂಪಾಯಿ. ಮಾಡ್ಯೂಲ್‌ಗೆ ಹೋಗಿದ್ದು 13,500. ಉಳಿದ 10,500 ಹೋಗಿದ್ದು ಯಾವ ರೀಲ್‌ನಲ್ಲೂ ಕಾಣದ ಸಾಮಾನಿಗೆ. ಈ ಸರಣಿ ಮುಖ್ಯವಾಗಿ ಆ 10,500ರ ಬಗ್ಗೆ.

(2/9)
ಮೊದಲು, ಯಾಕೆ ಬದಲಾಯಿಸಬೇಕಾಯ್ತು?

ಹಳೇ ಮಾಡ್ಯೂಲ್ 5.5 ವ್ಯಾಟ್. ಅದು ಕೆಟ್ಟಿರಲಿಲ್ಲ, ಇವತ್ತಿಗೂ ಕೆಟ್ಟಿಲ್ಲ. ಮರದ ಮೇಲೆ ಹೆಸರು ಬರೆಯೋಕೆ ಅದೇ ಬೇಕಾದಷ್ಟಾಯ್ತು. ಕತ್ತರಿಸೋಕೆ ಬಂದಾಗ ಸುಸ್ತು. 3 ಮಿಲಿಮೀಟರ್ ಎಂಡಿಎಫ್ ಹಲಗೆ ಒಂದು ಸಲಕ್ಕೆ ಕಟ್ ಆಗ್ತಿರಲಿಲ್ಲ. ಅದೇ ಗೆರೆ ಮೇಲೆ ಮೂರು ಸಲ ಓಡಿಸಬೇಕು. ಮೂರು ಸಲ ಸುಟ್ಟ ಅಂಚು ಇದ್ದಿಲಿನ ಹಾಗೆ ಕಪ್ಪಗಾಗುತ್ತೆ, ಮುಟ್ಟಿದರೆ ಕೈಗೆ ಮಸಿ.

ಹೋದ ಸೆಮ್‌ನಲ್ಲಿ ಫೆಸ್ಟ್‌ಗೆ 60 ಕೀ ಚೈನ್ ಆರ್ಡರ್ ಬಂತಲ್ಲ, ನೆನಪಿದೆಯಾ? ಒಂದೊಂದಕ್ಕೆ 9 ನಿಮಿಷ. ಒಟ್ಟು 540 ನಿಮಿಷ, ಅಂದ್ರೆ 9 ಗಂಟೆ. ಮೆಷಿನ್ ಓಡುವಾಗ ಬಿಟ್ಟು ಹೋಗೋ ಹಾಗಿಲ್ಲ, ಬೆಂಕಿಯ ಕೆಲಸ ಅದು. ಹಾಗಾಗಿ 9 ಗಂಟೆ ಮೆಷಿನ್ ಜೊತೆ ನಾನೂ ಕೂರಬೇಕು. ಮರುದಿನ ಇಂಟರ್ನಲ್ಸ್.

ಇನ್ನೊಂದು ವಿಷಯ ಇದೆ, ಅದು ಮನೆಯದು. ಮೆಷಿನ್ ಇರೋದು ನಾನು ಮತ್ತೆ ನನ್ನ ತಮ್ಮ ಇಬ್ಬರೂ ಓದೋ ರೂಮಲ್ಲಿ. ಅವನು ನಾಲ್ಕನೇ ಕ್ಲಾಸು. ಲೇಸರ್ ಆನ್ ಇದ್ದರೆ ಅವನಿಗೆ ರೂಮಿಗೆ ಎಂಟ್ರಿ ಇಲ್ಲ, ಇದು ಮೊದಲಿಂದಲೂ ನಮ್ಮನೆ ರೂಲ್. ನಾನು ಆರ್ಡರ್ ಹಿಡಿದ ದಿನವೆಲ್ಲ ಅವನ ಹೋಮ್‌ವರ್ಕ್ ಅಡುಗೆಮನೆ ನೆಲದ ಮೇಲೆ. ಅಮ್ಮ ಒಗ್ಗರಣೆ ಹಾಕ್ತಿದ್ರೆ ಇವನು ಪಕ್ಕದಲ್ಲಿ ಕೂತು ಮಗ್ಗಿ ಬರೀತಾನೆ. "ಅಕ್ಕ, ಇವತ್ತೂ ಲೇಸರ್ರಾ?" ಅಂತ ಅವನು ಕೇಳೋವಾಗ ಒಂಥರಾ ಆಗ್ತಿತ್ತು.

ಆರ್ಡರ್ ಬೇಗ ಮುಗೀಬೇಕು, ರೂಮು ಅವನಿಗೂ ಬೇಕು. ಪವರ್ ಜಾಸ್ತಿ ಮಾಡಿದ್ರೆ ಮೊದಲನೇದು ಆಗುತ್ತೆ. ಎರಡನೇದು? ಪವರ್ ಜಾಸ್ತಿ ಆದಷ್ಟೂ ಅದು ಇನ್ನೂ ಕಷ್ಟ.

(3/9)
ಈಗ ವ್ಯಾಟ್ ವಿಷಯ. ಇದನ್ನ ಅರ್ಥ ಮಾಡ್ಕೊಂಡ್ರೆ ಅರ್ಧ ದುಡ್ಡು ಉಳಿಯುತ್ತೆ.

ಆನ್‌ಲೈನ್‌ನಲ್ಲಿ "40 ವ್ಯಾಟ್ ಲೇಸರ್" ಅಂತ ದೊಡ್ಡಕ್ಷರದಲ್ಲಿ ಹಾಕಿರ್ತಾರೆ. ಕೆಳಗೆ ಹೋಗಿ ಸಣ್ಣಕ್ಷರ ಓದಿ. ಎಷ್ಟೋ ಕಡೆ ಆ 40 ಅನ್ನೋದು ಮಾಡ್ಯೂಲ್ ಕರೆಂಟಿನಿಂದ ಎಳೆಯೋ ವ್ಯಾಟ್. ಬೆಳಕಾಗಿ ಹೊರಗೆ ಬರೋದು 5, ಇಲ್ಲಾ 10. ಉಳಿದಿದ್ದೆಲ್ಲ ಬಿಸಿ. ಅದಕ್ಕೇ ಮಾಡ್ಯೂಲ್ ಮೈಗೆಲ್ಲ ಅಲ್ಯೂಮಿನಿಯಂ ರೆಕ್ಕೆ, ತಲೆ ಮೇಲೆ ಫ್ಯಾನು. ನೀವು ಕೇಳಬೇಕಾದ ಪ್ರಶ್ನೆ ಒಂದೇ: "ಆಪ್ಟಿಕಲ್ ಔಟ್‌ಪುಟ್ ಎಷ್ಟು?" ಇದಕ್ಕೆ ನೇರ ಉತ್ತರ ಕೊಡದ ಅಂಗಡಿ ಬಿಟ್ಟು ಮುಂದಕ್ಕೆ ಹೋಗಿ.

ಒಳಗಿರೋದು ಸುಮಾರು 450 ನ್ಯಾನೋಮೀಟರ್ ತರಂಗಾಂತರದ ನೀಲಿ ಲೇಸರ್ ಡಯೋಡ್, ಗ್ಯಾಲಿಯಂ ನೈಟ್ರೈಡ್ ಅನ್ನೋ ವಸ್ತುವಿನದು. ಅದೇ ಗ್ಯಾಲಿಯಂ ನೈಟ್ರೈಡ್‌ನಿಂದ ನೀಲಿ ಎಲ್‌ಇಡಿ ಮಾಡಿದ ಅಕಾಸಾಕಿ, ಅಮಾನೊ, ನಕಾಮುರಾ ಮೂವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಸೆಮಿಕಂಡಕ್ಟರ್ ಕ್ಲಾಸ್‌ನಲ್ಲಿ ಬ್ಯಾಂಡ್ ಗ್ಯಾಪ್ ಅಂತ ಬರೆದುಕೊಂಡಿದ್ವಲ್ಲ, ಅದು ಇಲ್ಲಿ ಕಟ್ಟಿಗೆ ಸುಡ್ತಿದೆ.

ಈ ಥರ ಮಾಡ್ಯೂಲ್‌ಗಳಲ್ಲಿ ಒಂದು ಡಯೋಡ್ ಕೊಡೋದು 5-6 ವ್ಯಾಟ್ ಬೆಳಕು. ಹಾಗಾದ್ರೆ 10 ವ್ಯಾಟ್ ಹೇಗೆ? ಎರಡು ಡಯೋಡ್ ಇಟ್ಟು, ಎರಡರ ಬೆಳಕನ್ನೂ ಸಣ್ಣ ಕನ್ನಡಿ, ಪ್ರಿಸಂ ಬಳಸಿ ಒಂದೇ ದಾರಿಗೆ ತರ್ತಾರೆ. 20 ವ್ಯಾಟ್‌ಗೆ ನಾಲ್ಕು ಡಯೋಡ್. ಜೋಡಿಸೋ ಕೆಲಸ ಚೆನ್ನಾಗಿದ್ರೆ ಚುಕ್ಕೆ ಚಿಕ್ಕದಾಗಿರುತ್ತೆ. ಸುಮಾರಾಗಿದ್ರೆ ಚುಕ್ಕೆ ಅಗಲ ಆಗುತ್ತೆ. ಈ ಚುಕ್ಕೆ ಯಾಕೆ ಮುಖ್ಯ ಅಂತ ಮುಂದಿನ ಪೋಸ್ಟ್‌ನಲ್ಲಿ.

(4/9)
ಚಿಕ್ಕವರಿದ್ದಾಗ ಭೂತಗನ್ನಡಿ ಹಿಡಿದು ಬಿಸಿಲಲ್ಲಿ ಕಾಗದ ಸುಟ್ಟಿದ್ದೀರಾ? ಕನ್ನಡಿ ಹತ್ರ ಇಟ್ರೆ ಕಾಗದದ ಮೇಲೆ ದೊಡ್ಡ ಬೆಳಕಿನ ವೃತ್ತ, ಏನೂ ಆಗಲ್ಲ. ಸರಿಯಾದ ದೂರಕ್ಕೆ ತಂದು ಬೆಳಕು ಕಡ್ಲೆಕಾಳಿಗಿಂತ ಚಿಕ್ಕದಾದ ತಕ್ಷಣ ಹೊಗೆ. ಬಿಸಿಲು ಅಷ್ಟೇ, ಕನ್ನಡಿ ಅದೇ. ಬದಲಾಗಿದ್ದು ಚುಕ್ಕೆ.

ಲೇಸರ್‌ಗೂ ಇದೇ ಲೆಕ್ಕ. ನನ್ನ ಹಳೇ ಮಾಡ್ಯೂಲ್ 5.5 ವ್ಯಾಟ್, ಚುಕ್ಕೆ 0.08 × 0.08 ಮಿಲಿಮೀಟರ್. ಭಾಗಿಸಿ ನೋಡಿ: ಒಂದು ಚದರ ಮಿಲಿಮೀಟರಿಗೆ ಸುಮಾರು 860 ವ್ಯಾಟ್. ಈಗ 10 ವ್ಯಾಟ್‌ನ ಒಂದು ಮಾಡ್ಯೂಲ್ ತಗೊಳ್ಳಿ, ಚುಕ್ಕೆ 0.08 × 0.16 ಅಂತಿಟ್ಟುಕೊಳ್ಳಿ. ಅಲ್ಲಿ ಸುಮಾರು 780. ವ್ಯಾಟ್ ಹೆಚ್ಚುಕಡಿಮೆ ಡಬಲ್ ಆಯ್ತು, ಮೊನಚು ಕಮ್ಮಿ ಆಯ್ತು! ನಾನು ತಗೊಂಡಿದ್ದರದು 0.08 × 0.10. ಅಲ್ಲಿ 1,250. ಹಳೆಯದಕ್ಕಿಂತ ಒಂದೂವರೆ ಪಟ್ಟಿಗೆ ಹತ್ರ.

ಅದಕ್ಕೇ ವ್ಯಾಟ್ ಜೊತೆಗೆ ಚುಕ್ಕೆಯ ಅಳತೆಯನ್ನೂ ನೋಡಿ. ಎರಡನ್ನೂ ಭಾಗಿಸಿ, ಮೊಬೈಲ್ ಕ್ಯಾಲ್ಕುಲೇಟರ್ ಸಾಕು.

"ಮಗಾ, ಇಷ್ಟು ದುಡ್ಡು ಹಾಕೋದು ಹಾಕ್ತೀಯ, 20 ವ್ಯಾಟೇ ತಗೋ" ಅಂತ ನಮ್ಮ ಬ್ಯಾಚ್‌ನಲ್ಲಿ ಎಲ್ಲರೂ ಹೇಳಿದ್ರಿ. ತಗೊಂಡಿದ್ರೆ 24,000 ಪೂರ್ತಿ ಅದಕ್ಕೇ ಹೋಗ್ತಿತ್ತು. ಕೈಯಲ್ಲಿ ಮಾಡ್ಯೂಲ್ ಬಿಟ್ಟು ಬೇರೇನೂ ಉಳೀತಿರಲಿಲ್ಲ. ಅದು ಯಾಕೆ ಆಗಲ್ಲ ಅಂತ ನಂಗೆ ತಿಳಿಸಿದ್ದು ಯೂಟ್ಯೂಬ್ ಅಲ್ಲ, ಅಪ್ಪ.

(5/9)
ಅಪ್ಪಂದು ವೆಲ್ಡಿಂಗ್ ಶೆಡ್ಡು. ಗೇಟು, ಕಿಟಕಿ ಗ್ರಿಲ್ಲು, ಶೀಟಿನ ಮಾಡು. ಲೇಸರ್ ಬಗ್ಗೆ ಹೇಳಿದಾಗ ಅವರು ಹೇಳಿದ್ದಿಷ್ಟೇ: "ಲೇಸರ್ ಗೀಸರ್ ನಂಗೊತ್ತಿಲ್ಲ ಕಣಮ್ಮ. ಬೆಳಕು ಕಣ್ಣಿಗೆ ಏನ್ ಮಾಡುತ್ತೆ ಅಂತ ಗೊತ್ತು. ಮೊದಲು ಕಣ್ಣಿಗೆ ದುಡ್ಡು ಎತ್ತಿಡು. ಉಳಿದಿದ್ರಲ್ಲಿ ಎಷ್ಟು ವ್ಯಾಟ್ ಬರುತ್ತೋ ಅಷ್ಟು ತಗೋ."

ಶೆಡ್ಡಿಗೆ ಹೊಸದಾಗಿ ಸೇರೋ ಹುಡುಗರಿಗೆ ಒಂದಲ್ಲ ಒಂದು ದಿನ ಆರ್ಕ್ ಹೊಡೆಯುತ್ತೆ. ಕಪ್ಪು ಗ್ಲಾಸ್ ಇಲ್ಲದೆ ವೆಲ್ಡಿಂಗ್ ಬೆಳಕು ನೋಡಿದ್ರೆ ಆವಾಗ ಏನೂ ಅನ್ಸಲ್ಲ. ರಾತ್ರಿ ಮಲಗಿದ ಮೇಲೆ ಕಣ್ಣಲ್ಲಿ ಮರಳು ಸುರಿದ ಹಾಗೆ. ಅದು ನೇರಳಾತೀತ ಕಿರಣ ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯನ್ನ ಸುಟ್ಟಿರೋದು. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ವಾಸಿ ಆಗುತ್ತೆ, ಯಾಕಂದ್ರೆ ಆ ಪೊರೆಯ ಮೇಲ್ಪದರ ಮತ್ತೆ ಬೆಳೆಯುತ್ತೆ.

ನಮ್ಮ ನೀಲಿ ಲೇಸರ್ ಹಾಗಲ್ಲ. ಅದು ಕಣ್ಣಿಗೆ ಕಾಣೋ ಬೆಳಕು. ಹಾಗಾಗಿ ಮುಂಭಾಗ ಅದನ್ನ ತಡೆಯಲ್ಲ, ಒಳಗೆ ಬಿಡುತ್ತೆ. ಕಣ್ಣಿನ ಮಸೂರ ಅದನ್ನ ಇನ್ನೂ ಚಿಕ್ಕ ಚುಕ್ಕೆ ಮಾಡಿ ಹಿಂದಿನ ರೆಟಿನಾ ಮೇಲೆ ಬೀಳಿಸುತ್ತೆ. ಭೂತಗನ್ನಡಿ ನಮ್ಮ ಕಣ್ಣೊಳಗೇ ಇದೆ! ರೆಟಿನಾಗೆ ನೋವು ತಿಳಿಸೋ ನರ ಇಲ್ಲ. ಸುಟ್ಟಿದ್ದೂ ಗೊತ್ತಾಗಲ್ಲ. ಸುಟ್ಟ ಜಾಗ ಮತ್ತೆ ಬೆಳೆಯಲ್ಲ.

ಅಂಕಿ ನೋಡಿ. ಕಣ್ಣು ಮಿಟುಕಿಸೋಕೆ ಸುಮಾರು ಕಾಲು ಸೆಕೆಂಡ್ ಬೇಕು. ಅಷ್ಟು ಹೊತ್ತಿಗೆ ಅಪಾಯ ಆಗದ ಲೇಸರ್‌ಗೆ ಕ್ಲಾಸ್ 2 ಅಂತಾರೆ, ಮಿತಿ 1 ಮಿಲಿವ್ಯಾಟ್. 500 ಮಿಲಿವ್ಯಾಟ್ ದಾಟಿದ್ರೆ ಕ್ಲಾಸ್ 4, ಅತಿ ಅಪಾಯದ ವರ್ಗ. ಹಳೇ 5.5 ವ್ಯಾಟೂ ಕ್ಲಾಸ್ 4 ಆಗಿತ್ತು, ತಮ್ಮ ಅಡುಗೆಮನೆಗೆ ಹೋಗ್ತಿದ್ದಿದ್ದು ಅದಕ್ಕೇ. ಹೊಸದು 10,000 ಮಿಲಿವ್ಯಾಟ್. ಇಷ್ಟು ಪವರ್‌ನಲ್ಲಿ ನೇರ ಕಿರಣ ಬಿಡಿ, ಹಲಗೆ ಮೇಲೆ ಬಿದ್ದು ಚದುರಿದ ಬೆಳಕನ್ನ ಹತ್ತಿರದಿಂದ ದಿಟ್ಟಿಸಿ ನೋಡಿದ್ರೂ ಅಪಾಯ.

ಕನ್ನಡಕದ ಮೇಲೆ 450 ನ್ಯಾನೋಮೀಟರ್ ಸೇರೋ ವ್ಯಾಪ್ತಿ, ಅದರ ಪಕ್ಕ ಓಡಿ 6 ಅಂತ ಬರೆದಿರಬೇಕು. ಓಡಿ 6 ಅಂದ್ರೆ ಹತ್ತು ಲಕ್ಷದಲ್ಲಿ ಒಂದು ಪಾಲು ಬೆಳಕು ಮಾತ್ರ ಒಳಗೆ ಬರುತ್ತೆ. ಬಿಸಿಲಿನ ಕೂಲಿಂಗ್ ಗ್ಲಾಸ್ ಇದಕ್ಕಾಗಲ್ಲ. ಬರೀ ಬಣ್ಣ ನೋಡಿ ತಗೊಳ್ಳೋ ಹಾಗೂ ಇಲ್ಲ. ಪ್ರಮಾಣಪತ್ರ ಇರೋ ಎರಡು ಜೊತೆ ತಗೊಂಡೆ, 4,000 ಆಯ್ತು. ಒಂದು ನಂಗೆ, ಒಂದು ರೂಮಿಗೆ ಬರೋ ದೊಡ್ಡವರಿಗೆ. ತಮ್ಮನ ಮೂತಿಗೆ ಸರಿಯಾಗಿ ಕೂರೋ ಸೈಜ್ ಸಿಗಲಿಲ್ಲ. ಅಂಚಿನಲ್ಲಿ ಸಂದು ಬಿಟ್ಟರೆ ಕನ್ನಡಕ ಹಾಕಿಯೂ ಏನು ಉಪಯೋಗ?

(6/9)
ಹಾಗಾಗಿ ಪೆಟ್ಟಿಗೆ. ಕನ್ನಡಕ ಒಬ್ಬರ ಕಣ್ಣು ಕಾಯುತ್ತೆ. ಪೆಟ್ಟಿಗೆ ರೂಮಲ್ಲಿರೋ ಎಲ್ಲರ ಕಣ್ಣನ್ನೂ ಕಾಯುತ್ತೆ.

ಎರಡು ಭಾನುವಾರ ಅಪ್ಪನ ಶೆಡ್ಡಲ್ಲಿ ಕೆಲಸ. ಒಂದಿಂಚಿನ ಸ್ಕ್ವೇರ್ ಪೈಪಿನ ಫ್ರೇಮು, ಸುತ್ತ ತಗಡು, ಮೇಲೆ ಕೀಲು ಹಾಕಿದ ಮುಚ್ಚಳ. ಅಳತೆ ಹಿಡಿದಿದ್ದು, ಡ್ರಿಲ್ ಹೊಡೆದಿದ್ದು ನಾನು. ವೆಲ್ಡಿಂಗ್ ಅಪ್ಪ. ಮಿಕ್ಕ ತುಂಡು ಕಬ್ಬಿಣ ಇದ್ದಿದ್ದರಿಂದ ಬಣ್ಣ, ಕೀಲು, ಸ್ವಿಚ್ಚು ಸೇರಿ 1,000ಕ್ಕೆ ಮುಗೀತು. ಒಳಗೆ ಹೊಳಪಿಲ್ಲದ ಕಪ್ಪು ಬಣ್ಣ, ಬೆಳಕು ವಾಪಸ್ ಪುಟಿಯಬಾರದು ಅಂತ.

ನೋಡೋಕೆ ಕಿಟಕಿ ಇಟ್ಟಿಲ್ಲ. ಆರೆಂಜ್ ಅಕ್ರಿಲಿಕ್ ಹಾಕಬಹುದು ಅಂತ ಸುಮಾರು ಜನ ಹೇಳಿದ್ರಿ. ಎಷ್ಟು ತಡೆಯುತ್ತೆ ಅಂತ ಬರೆದಿರದ ಶೀಟನ್ನ ತಮ್ಮನ ಕಣ್ಣಿನ ಮುಂದೆ ಇಡೋಕೆ ನಂಗೆ ಇಷ್ಟ ಇರಲಿಲ್ಲ. ಒಳಗೆ ಹಳೇ ವೆಬ್‌ಕ್ಯಾಮ್ ಇದೆ, ಲ್ಯಾಪ್‌ಟಾಪ್‌ನಲ್ಲಿ ನೋಡ್ತೀನಿ.

ಮುಚ್ಚಳಕ್ಕೆ ಎರಡು ಸ್ವಿಚ್ಚು. ಮುಚ್ಚಳ ಎತ್ತಿದ ಕ್ಷಣ ಮಾಡ್ಯೂಲ್‌ಗೆ ಹೋಗೋ 12 ವೋಲ್ಟ್ ಕಟ್ ಆಗುತ್ತೆ. ಎರಡೂ ಸೀರೀಸ್‌ನಲ್ಲಿ ಇವೆ. ಒಂದು ಅಂಟಿಕೊಂಡ್ರೂ ಇನ್ನೊಂದು ಕಟ್ ಮಾಡ್ಬೇಕು. ಮುಚ್ಚಳ ಎತ್ತಿ ಎತ್ತಿ ಇಪ್ಪತ್ತು ಸಲ ಟೆಸ್ಟ್ ಮಾಡಿದ್ವಿ, ಕನ್ನಡಕ ಹಾಕ್ಕೊಂಡು, ತಮ್ಮನನ್ನ ಹೊರಗೆ ಕಳಿಸಿ.

ಹೊಗೆಗೆ ನಾಲ್ಕಿಂಚಿನ ಫ್ಯಾನು, ಪೈಪು ಕಿಟಕಿಯಿಂದ ಹೊರಗೆ. 2,100. ಎಂಡಿಎಫ್ ಹಲಗೆಯಲ್ಲಿ ಮರದ ಪುಡಿ ಜೊತೆ ಅಂಟೂ ಇರುತ್ತೆ. ಆ ಹೊಗೆ ಅಗರಬತ್ತಿ ಹೊಗೆ ಥರ ಅಲ್ಲ, ಮೂಗು ಗಂಟಲು ಎರಡೂ ಉರಿಯುತ್ತೆ. ಗಾಳಿ ಒಳಗೆ ಬರೋ ದಾರಿಯನ್ನ ನೇರ ಬಿಡದೆ ಒಂದು ತಿರುವು ಕೊಟ್ಟಿದೀವಿ. ಗಾಳಿ ತಿರುಗಿ ಬರುತ್ತೆ, ಬೆಳಕು ನೇರ ಬಂದು ತಗಡಿಗೆ ಬಡಿದು ನಿಲ್ಲುತ್ತೆ. ಈ ಉಪಾಯ ಅಪ್ಪಂದು.

ಪಕ್ಕದಲ್ಲಿ ಬೆಂಕಿ ಆರಿಸೋ ಚಿಕ್ಕ ಸಿಲಿಂಡರು, 1,100. ಇಲ್ಲಿವರೆಗೆ ಬಳಸಿಲ್ಲ, ಬಳಸೋ ದಿನ ಬರದೇ ಇರಲಿ.

(7/9)
ವೈರಿಂಗು. ಈ ಪೋಸ್ಟ್ ಸ್ವಲ್ಪ ಟೆಕ್ನಿಕಲ್, ಮಾಡ್ಬೇಕು ಅಂತಿರೋರು ನಿಧಾನಕ್ಕೆ ಓದಿ.

ಒಂದು: ಸಪ್ಲೈ. ಹಳೇ ಅಡಾಪ್ಟರ್ 12 ವೋಲ್ಟ್, 5 ಆಂಪಿಯರ್, ಅಂದ್ರೆ 60 ವ್ಯಾಟ್. ಹೊಸ ಮಾಡ್ಯೂಲ್ ಒಂದೇ 40ರ ಹತ್ರ ಎಳೆಯುತ್ತೆ. ಮೇಲೆ ಮೋಟಾರು, ಬೋರ್ಡು. ಗಂಟೆಗಟ್ಟಲೆ ಅಂಚಿನಲ್ಲೇ ಓಡಿಸಿದ್ರೆ ಅಡಾಪ್ಟರ್ ಬಿಸಿಯಾಗುತ್ತೆ, ವೋಲ್ಟೇಜ್ ಕುಸಿಯುತ್ತೆ. ಅದಕ್ಕೆ ಮಾಡ್ಯೂಲ್‌ಗೇ ಬೇರೆ 12 ವೋಲ್ಟ್ ಸಪ್ಲೈ ಕೊಟ್ಟೆ. ವೈರ್ ಸೇರಿ 1,400. ಎರಡು ಸಪ್ಲೈ ಇದ್ದಾಗ ಎರಡರ ಗ್ರೌಂಡ್ ಒಂದಕ್ಕೊಂದು ಸೇರಿರಲೇಬೇಕು. ಇಲ್ಲದಿದ್ರೆ ಬೋರ್ಡ್ ಕಳಿಸೋ ಸಿಗ್ನಲ್ ಮಾಡ್ಯೂಲ್‌ಗೆ ಸರಿಯಾಗಿ ಅರ್ಥ ಆಗಲ್ಲ.

ಎರಡು: ಮೂರು ವೈರು. 12 ವೋಲ್ಟ್, ಗ್ರೌಂಡ್, ಪಿಡಬ್ಲ್ಯೂಎಂ ಸಿಗ್ನಲ್. ಪ್ಲಗ್ ಒಂದೇ ಥರ ಕಂಡರೂ ಪಿನ್‌ಗಳ ಕ್ರಮ ಕಂಪನಿಯಿಂದ ಕಂಪನಿಗೆ ಬೇರೆ ಇರುತ್ತೆ. ವೈರಿನ ಬಣ್ಣ ನಂಬಬೇಡಿ, ಮಲ್ಟಿಮೀಟರ್ ನಂಬಿ. ಮಾಡ್ಯೂಲ್ 24 ವೋಲ್ಟಿಂದಾ 12 ವೋಲ್ಟಿಂದಾ ಅನ್ನೋದನ್ನೂ ಸ್ಟಿಕ್ಕರ್ ಮೇಲೆ ಓದಿ. ನಾನು ಪ್ಲಗ್ ಹಾಕೋ ಮುಂಚೆ ಮೂರೂ ಪಿನ್ ಅಳೆದು ಮಾಸ್ಕಿಂಗ್ ಟೇಪ್ ಮೇಲೆ ಬರೆದು ಅಂಟಿಸಿದೆ.

ಮೂರು: ಸೆಟ್ಟಿಂಗು. ಬೋರ್ಡಲ್ಲಿರೋದು ಜಿಆರ್‌ಬಿಎಲ್. $32=1 ಇದ್ರೆ ಲೇಸರ್ ಮೋಡ್. $30ರಲ್ಲಿ ಇರೋ ಸಂಖ್ಯೆ ಅಂದ್ರೆ ಫುಲ್ ಪವರ್, ನಂದ್ರಲ್ಲಿ 1000. ಸಾಫ್ಟ್‌ವೇರ್‌ನಲ್ಲೂ ಅದೇ ಸಂಖ್ಯೆ ಇರಬೇಕು, ಇಲ್ಲಾಂದ್ರೆ ನೀವು ಅರ್ಧ ಅಂದಿದ್ದನ್ನ ಅದು ಫುಲ್ ಅಂದ್ಕೊಳ್ಳುತ್ತೆ. ಎಂ3 ಬದಲು ಎಂ4 ಬಳಸಿದ್ರೆ ಮೂಲೆ ತಿರುಗುವಾಗ ವೇಗ ಇಳಿದಷ್ಟೂ ಪವರ್ ಕೂಡ ಇಳಿಯುತ್ತೆ, ಮೂಲೆಗಳು ಕರಕಲಾಗಲ್ಲ.

ನಾಲ್ಕು: ತೂಕ. ಅಮ್ಮನ ಅಡುಗೆ ತಕ್ಕಡಿ ಮೇಲಿಟ್ಟೆ. ಹಳೇದು 280 ಗ್ರಾಂ, ಹೊಸದು 510. ಭಾರದ ತಲೆ ಥಟ್ಟನೆ ತಿರುಗಿದ್ರೆ ನಡುಗುತ್ತೆ, ಅಕ್ಷರದ ಪಕ್ಕ ನೆರಳಿನ ಥರ ಗೆರೆ ಬರುತ್ತೆ. ಬೆಲ್ಟ್ ಬಿಗಿ ಮಾಡಿ, $120ರಲ್ಲಿ ಆಕ್ಸಿಲರೇಶನ್ ಇಳಿಸಿದೆ. ಗೆರೆ ಹೋಯ್ತು.

(8/9)
ಈಗ ರಿಸಲ್ಟು.

ಹೊಸ ಮಾಡ್ಯೂಲ್ ಹಾಕಿದ ಮೇಲೆ ಹಳೇ ಸೆಟ್ಟಿಂಗ್ ಒಂದೂ ನಡೆಯಲ್ಲ, ಎಲ್ಲಾ ಮೊದಲಿಂದ. ಬೇಡದ ಹಲಗೆ ಮೇಲೆ ಚೌಕಗಳ ಪಟ್ಟಿ ಮಾಡಿ. ಅಡ್ಡಕ್ಕೆ ಪವರ್, ಉದ್ದಕ್ಕೆ ವೇಗ. ಮೂವತ್ತು ಚೌಕ ಸುಟ್ಟರೆ ಯಾವುದು ತಿಳಿ, ಯಾವುದು ಗಾಢ, ಎಲ್ಲಿ ಕಟ್ ಆಯ್ತು ಅಂತ ಕಣ್ಣಿಗೇ ಕಾಣುತ್ತೆ. ಪ್ರತಿ ವಸ್ತುವಿಗೂ ಒಂದೊಂದು. ನನ್ನ ಪಟ್ಟಿಗಳು ಈಗ ಗೋಡೆ ಮೇಲೆ ನೇತಾಡ್ತಿವೆ, ಎರಡನೇ ಫೋಟೋ ನೋಡಿ. ಇಂಟರ್ನೆಟ್‌ನಲ್ಲಿ ಸಿಗೋ ಸೆಟ್ಟಿಂಗ್ ಬೇರೆಯವರ ಮೆಷಿನ್‌ದು, ಬೇರೆಯವರ ಹಲಗೆಯದು.

ಎಂಡಿಎಫ್ 3 ಮಿಲಿಮೀಟರ್: ಮೊದಲು ನಿಮಿಷಕ್ಕೆ 150 ಮಿಲಿಮೀಟರ್ ವೇಗದಲ್ಲಿ ಮೂರು ಸಲ. ಈಗ ಅದೇ ವೇಗದಲ್ಲಿ ಒಂದೇ ಸಲ. ಅದರ ಅರ್ಧ ಪುಣ್ಯ ಗಾಳಿಗೆ ಸೇರಬೇಕು. 900 ರೂಪಾಯಿಯ ಪಂಪಿನಿಂದ ತೆಳು ಪೈಪು ತಂದು ಚುಕ್ಕೆ ಬೀಳೋ ಜಾಗಕ್ಕೆ ಗಾಳಿ ಊದಿಸ್ತೀನಿ. ಹೊಗೆ ಕಿರಣಕ್ಕೆ ಅಡ್ಡ ಬರಲ್ಲ, ಲೆನ್ಸ್ ಮೇಲೆ ಮಸಿ ಕೂರಲ್ಲ, ಸಣ್ಣ ಜ್ವಾಲೆ ಎದ್ದರೆ ಆರುತ್ತೆ. ಗಾಳಿ ನಿಲ್ಲಿಸಿ ಅದೇ ಕಟ್ ಮಾಡಿ ನೋಡಿದೆ, ಹಲಗೆ ಕೆಳಗಿನವರೆಗೂ ಹೋಗಲೇ ಇಲ್ಲ. ಮಾಡ್ಯೂಲ್ ಬದಲಾಯಿಸೋಕೆ ದುಡ್ಡಿಲ್ಲದವರು ಮೊದಲು ಬರೀ ಗಾಳಿ ಹಾಕಿ ನೋಡಿ. ಅಷ್ಟರಲ್ಲೇ ನಿಮ್ಮ ಕೆಲಸ ಆಗಲೂಬಹುದು.

ಒಂದು ಕೀ ಚೈನ್‌ಗೆ 9 ನಿಮಿಷ ಇದ್ದಿದ್ದು ಈಗ 3. ಅರವತ್ತಕ್ಕೆ 3 ಗಂಟೆ.

ಹಾಗಂತ ಹಳೇದನ್ನ ಮಾರಿಲ್ಲ. ಫೋಟೋ ಎನ್‌ಗ್ರೇವಿಂಗ್‌ಗೆ ಅದೇ ಚೆಂದ. ಹೊಸದರ ಚುಕ್ಕೆ ಒಂದು ಕಡೆಗೆ ಅಗಲ. ಕಮ್ಮಿ ಪವರ್‌ನಲ್ಲಿ ನಯವಾದ ಬೂದು ಛಾಯೆ ಬರಿಸೋದೂ ಕಷ್ಟ. ಅಜ್ಜಿ ಮುಖದ ಸುಕ್ಕು ಮರದ ಮೇಲೆ ಬರಬೇಕಂದ್ರೆ 5.5 ವ್ಯಾಟೇ ಬೇಕು. ಎರಡು ಸ್ಕ್ರೂ ತೆಗೆದು, ಪ್ಲಗ್ ಬದಲಾಯಿಸಿದ್ರೆ ಆಯ್ತು.

(9/9)
ಕೊನೇದು. ಪವರ್ ಬಂದ ಮೇಲೆ ಆರ್ಡರ್‌ಗಳೂ ಬರ್ತಿವೆ, ಬೇಡ ಅನ್ನೋದೂ ಜಾಸ್ತಿ ಆಗಿದೆ. ಯಾಕೆ ಅಂತ ಇಲ್ಲೇ ಹೇಳ್ತೀನಿ, ಯಾರೂ ಬೇಜಾರು ಮಾಡ್ಕೋಬೇಡಿ.

ರೆಕ್ಸಿನ್ ಪರ್ಸು, ಬ್ಯಾಗು ಆಗಲ್ಲ. ರೆಕ್ಸಿನ್ ಮೇಲಿನ ಪದರ ಸಾಮಾನ್ಯವಾಗಿ ಪಿವಿಸಿ. ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತೆ, ತೇವ ಸೇರಿದ್ರೆ ಹೈಡ್ರೋಕ್ಲೋರಿಕ್ ಆಮ್ಲ. ಶ್ವಾಸಕೋಶಕ್ಕೂ ಕೆಟ್ಟದ್ದು, ಮೆಷಿನ್ನಿನ ಕಬ್ಬಿಣವೂ ತುಕ್ಕು. ಮೊನ್ನೆ 25 ಪರ್ಸಿನ ಆರ್ಡರ್ ವಾಪಸ್ ಕಳಿಸಿದೆ.

ಗಾಜಿನ ಥರ ಇರೋ ಪಾರದರ್ಶಕ ಅಕ್ರಿಲಿಕ್ ಕೂಡ ಕಟ್ ಆಗಲ್ಲ. ನೀಲಿ ಬೆಳಕು ಅದರೊಳಗಿಂದ ಹಾಗೇ ಹಾದು ಹೋಗುತ್ತೆ, ಎಷ್ಟು ವ್ಯಾಟ್ ಇದ್ರೂ. ಅದಕ್ಕೆ 10,600 ನ್ಯಾನೋಮೀಟರ್‌ನ ಕಾರ್ಬನ್ ಡೈಆಕ್ಸೈಡ್ ಲೇಸರ್ ಬೇಕು. ಅಂದ ಹಾಗೆ ಅದನ್ನ 1964ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕಂಡುಹಿಡಿದವರು ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿ, ಪುಣೆಯಲ್ಲಿ ಎಂಜಿನಿಯರಿಂಗ್ ಓದಿದ ಸಿ.ಕೆ.ಎನ್. ಪಟೇಲ್. ವೈವಾದಲ್ಲಿ ಕೇಳಿದ್ರೆ ಹೇಳಿ.

ಇನ್ನು ಸ್ಟೀಲ್ ತಟ್ಟೆ. ಗೃಹಪ್ರವೇಶಕ್ಕೆ ಅಂತ ಅತ್ತೆ 40 ತಟ್ಟೆ ತಂದು "ಹೆಸರು ಹಾಕ್ಕೊಡೇ" ಅಂದ್ರು. 10 ವ್ಯಾಟ್‌ಗೆ ಸ್ಟೀಲ್ ಮೇಲೆ ಕಪ್ಪು ಗುರುತು ಮಾಡೋಕೆ ಬರುತ್ತೆ. ಹೊಳೆಯೋ ತಟ್ಟೆ ಕನ್ನಡಿ ಥರ ಬೆಳಕು ವಾಪಸ್ ಎಸೆಯುತ್ತೆ, ಆದ್ರೆ ಪೆಟ್ಟಿಗೆ ಇದೆಯಲ್ಲ, ಅದಕ್ಕೆ ಭಯ ಇಲ್ಲ. ಒಂದು ಹಾಕಿ ತೋರಿಸಿದೆ, ಅತ್ತೆಗೆ ಖುಷಿ. ಆಮೇಲೆ ಅದನ್ನ ನಾನೇ ಸ್ಕ್ರಬ್ಬರ್ ಹಾಕಿ ಉಜ್ಜಿ ಉಜ್ಜಿ ತೋರಿಸಿದೆ, ಅಕ್ಷರ ಮಾಸಿತು. ಲೇಸರ್ ಮಾಡೋದು ಬಿಸಿಯಿಂದ ಮೇಲ್ಮೈಯಲ್ಲಿ ಆಗೋ ತೆಳ್ಳಗಿನ ಬಣ್ಣದ ಪದರ. ಪಾತ್ರೆ ಅಂಗಡಿಯವರು ಟರ್ ಅನ್ನೋ ಮೆಷಿನ್ನಲ್ಲಿ ಚುಕ್ಕೆ ಚುಕ್ಕೆಯಾಗಿ ಕೊರೀತಾರಲ್ಲ, ಅದು ಲೋಹವನ್ನೇ ಕೊರೆಯುತ್ತೆ. ಅಮ್ಮನ ಮದುವೆಯಲ್ಲಿ ಬಂದ ಲೋಟದ ಮೇಲೆ ಕೊಟ್ಟವರ ಹೆಸರು ಇವತ್ತಿಗೂ ಓದಬಹುದು. ಅತ್ತೆಗೆ ಅದೇ ಅಂಗಡಿ ತೋರಿಸಿದೆ. ನಂಗೆ ಬಾಗಿಲ ಮರದ ನೇಮ್ ಬೋರ್ಡ್ ಆರ್ಡರ್ ಕೊಟ್ರು, ಲಾಸ್ ಏನಿಲ್ಲ.

ಬೇಕಾದವರಿಗೆ ಪೂರ್ತಿ ಲೆಕ್ಕ: ಮಾಡ್ಯೂಲ್ 13,500, ಕನ್ನಡಕ 4,000, ಹೊಗೆ ಫ್ಯಾನ್ ಪೈಪು 2,100, ಸಪ್ಲೈ ವೈರು 1,400, ಬೆಂಕಿ ಸಿಲಿಂಡರ್ 1,100, ಪೆಟ್ಟಿಗೆ 1,000, ಗಾಳಿ ಪಂಪು 900. ಒಟ್ಟು 24,000. ಅಪ್ಪನ ಎರಡು ಭಾನುವಾರದ ಕೂಲಿ ಇದರಲ್ಲಿ ಸೇರಿಲ್ಲ.

ನಿಮ್ಮ ಹತ್ರ ಇರೋ ದುಡ್ಡು ಮಾಡ್ಯೂಲ್‌ಗೆ ಮಾತ್ರ ಸಾಕಾಗ್ತಿದ್ರೆ, ಒಂದು ಸೈಜ್ ಕಮ್ಮಿ ಮಾಡ್ಯೂಲ್ ತಗೊಳ್ಳಿ. ಇಲ್ಲಾ ಇನ್ನೊಂದು ಸೆಮ್ ಕಾಯಿರಿ. ಇಷ್ಟೇ ನಾನು ಹೇಳಬೇಕಂತಿದ್ದಿದ್ದು.

ಇದನ್ನ ಟೈಪ್ ಮಾಡ್ತಿರೋವಾಗ ಪೆಟ್ಟಿಗೆ ಒಳಗೆ ಹನ್ನೆರಡನೇ ಕೀ ಚೈನ್ ಓಡ್ತಿದೆ. ಪಕ್ಕದ ಟೇಬಲ್ ಮೇಲೆ ತಮ್ಮ ಭಾಗಾಕಾರ ಮಾಡ್ತಿದಾನೆ, ಆಗಲೇ ಎರಡು ಸಲ ಶೇಷ ತಪ್ಪಾಗಿದೆ. ಹೋಗಿ ಹೇಳಿಕೊಡಬೇಕು.

ಡೌಟ್ ಇದ್ರೆ ಕಾಮೆಂಟಲ್ಲೇ ಕೇಳಿ, ಬೇರೆಯವರಿಗೂ ಉಪಯೋಗ ಆಗುತ್ತೆ. ಮಾಡ್ಯೂಲ್ ತಗೊಳ್ಳೋ ಮುಂಚೆ ಸ್ಟಿಕ್ಕರ್ ಫೋಟೋ ಕಳಿಸಿ, ನೋಡಿ ಹೇಳ್ತೀನಿ.

#ಲೇಸರ್ #ಎನ್‌ಗ್ರೇವಿಂಗ್ #ಮನೆಯಲ್ಲೇಮಾಡಿದ್ದು #ಕಣ್ಣುಮೊದಲು #ಎಂಜಿನಿಯರಿಂಗ್‌ಲೈಫ್